ಸೇತುವೆಗೆ ಬೇಕಾದ ಅವ್ವ

“ಏ ತೊಗಲು ಮುದುಕಿ, ಮೈ ಚೆನ್ನಾಗಿ ತಿಕ್ಕೊಂಡು ಬಾ. ವಾಸ್ನೆ ಹೊಡೀಬಾರ್ದು. ನಾಳಿದ್ದು ನೀನು ಧಣಿಗಳ ತಾಯಿ!”

ಊರ ಕಚೇರಿಯ ಗುಮಾಸ್ತ ನಿಶಿಗೋರಿ ನಮ್ಮ ಹೊಸ್ತಿಲಿನಾಚೆಯೇ ಮೂಗಿಗೆ ಕರವಸ್ತ್ರ ಹಿಡಿದು ನಿಂತು ಹೇಳಿದ. ಚರ್ಮ ಹೆರೆಯುತ್ತಿದ್ದ ನನ್ನ ಅಜ್ಜಿ ತೊಮೆ ತಲೆ ಎತ್ತಲಿಲ್ಲ.

“ದೇವ್ರು ದೊಡ್ಡೋನು. ಹೆರೋ ನೋವಿಲ್ದಂಗೆ ಅಂಥಾ ಮಗನ್ನ ಕೊಟ್ಬುಟ್ಟ,” ಅಂದಳು.

ಪ್ರವಾಹದಲ್ಲಿ ಮುರಿದಿದ್ದ ಕಲ್ಲುಸೇತುವೆ ದುರಸ್ತಿಯಾಗಿತ್ತು. ಊರ ಪದ್ಧತಿಯಂತೆ ಅದನ್ನು ಮೊದಲು ದಾಟಬೇಕಾದವರು ಒಂದೇ ಮನೆಯ ಮೂರು ತಲೆಮಾರಿನ ಗಂಡಹೆಂಡಿರು. ಅವರು ಆಚೆ ದಡ ಮುಟ್ಟುವವರೆಗೆ ಬೇರೆ ಯಾರೂ ಕಾಲಿಡುವಂತಿಲ್ಲ. ಆ ಗೌರವ ಹಾಚಿಯಾ ಧಣಿಗಳಿಗಲ್ಲದೆ ಇನ್ಯಾರಿಗೆ? ಧಣಿ, ಅವರ ಹೆಂಡತಿ, ಮಗ, ಸೊಸೆ ಎಲ್ಲರೂ ಇದ್ದರು. ಧಣಿಗಳ ತಂದೆತಾಯಿ ಮಾತ್ರ ಹಿಂದುಮುಂದು ಯೋಚಿಸದೆ ಸತ್ತುಹೋಗಿದ್ದರು. ಇಡೀ ಊರಿನಲ್ಲಿ ಎಂಬತ್ತು ದಾಟಿ ಇಬ್ಬರೂ ಬದುಕಿದ್ದ ಜೋಡಿ ಒಂದೇ: ನಮ್ಮ ಅಜ್ಜ, ಅಜ್ಜಿ. ಹೊಲಸು ತಿಂದವರಿಗೆ ಆಯುಸ್ಸು ಗಟ್ಟಿ ಎಂದು ದೊಡ್ಡವರು ಸಮಾಧಾನ ಮಾಡಿಕೊಂಡರು.

“ಬತ್ತೀನಿ,” ಅಜ್ಜಿ ಅಂದಳು. “ಆದ್ರೆ ಸೇತುವೆ ಚರಿತ್ರೆ ಓದ್ತೀರಲ್ಲ, ಕಟ್ಟೋವಾಗ ಮೂರನೇ ಕಂಬ ಕುಸ್ದು ಸತ್ರಲ್ಲ ನಮ್ ಕೇರಿ ಹನ್ನೊಂದು ಜನ, ಅವ್ರ ಹೆಸ್ರೂ ಓದ್ಬೇಕು. ನಮ್ಮಪ್ಪನೂ ಅದ್ರಾಗವ್ನೆ.”

“ಓದಾನ, ಓದಾನ.”

ನಾನು ಹನ್ನೊಂದೂ ಹೆಸರನ್ನು ದುಂಡಗೆ ಬರೆದು ಕೊಟ್ಟೆ. ಆತ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಹೋದ.

ಆ ದಿನ ಅಜ್ಜಿಗೆ ಧಣಿಗಳ ಮನೆಯ ರೇಷ್ಮೆ ಕಿಮೋನೊ ಉಡಿಸಿದರು. ಸೇತುವೆಯ ಬುಡದಲ್ಲಿ ನಿಶಿಗೋರಿ ಚರಿತ್ರೆ ಓದಿದ. ಎಪ್ಪತ್ತು ವರ್ಷದ ಹಿಂದೆ ಹಾಚಿಯಾ ಮನೆತನದ ಹಿರಿಯರು ಸ್ವಂತ ಬೆವರು ಸುರಿಸಿ ಕಟ್ಟಿದ ಸೇತುವೆಯಂತೆ. ಮೂರನೇ ಕಂಬದ ವಿಷಯಕ್ಕೆ ‘ಸಣ್ಣಪುಟ್ಟ ಅಡಚಣೆಗಳು’ ಎಂದಿತ್ತು. ನಾನು ಕಾದೆ. ಒಂದು ಹೆಸರೂ ಬರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಅಜ್ಜ, ಅಜ್ಜಿ ಮುಂದೆ ನಡೆದರು. ಹಿಂದೆ ಧಣಿಗಳ ಕುಟುಂಬ. ಮೂರನೇ ಕಂಬದ ನೇರಕ್ಕೆ ಬಂದಾಗ ಅಜ್ಜಿ ರೇಷ್ಮೆಯ ಸಮೇತ ನೆಲಕ್ಕೆ ಕುಳಿತಳು. ಅಜ್ಜನೂ ಕುಳಿತ.

“ಯಸೋಕಿಚಿ,” ಅಜ್ಜಿ ಗಟ್ಟಿಯಾಗಿ ಅಂದಳು. “ಅವ್ನ ತಮ್ಮ ಕುಮಾಜೊ. ನಮ್ಮಪ್ಪ ಇವಾಮಾತ್ಸು...”

ದಡದಲ್ಲಿ ಪುರೋಹಿತ, ಅಧಿಕಾರಿಗಳು, ಶಾಲೆಯ ವಾದ್ಯದವರು ನಿಂತಲ್ಲೇ ನಿಂತರು. ನಿಶಿಗೋರಿ ಕೈ ಬೀಸಿದ, ಕಾಲಿಡಲು ಮಾತ್ರ ಧೈರ್ಯ ಬರಲಿಲ್ಲ.

“ಎದ್ದೇಳೆ, ಮುಂಡೆ!” ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದ್ದು ದಡದಲ್ಲಿದ್ದ ನನಗೂ ಕೇಳಿಸಿತು.

“ನಾನಿನ್ನೂ ಬದ್ಕಿವ್ನಿ ಧಣೀ,” ಅಜ್ಜ ಅಂದ. “ಅದ್ಕೇ ಅಲ್ವಾ ಕರ್ಸಿದ್ದು?”

ಎಂಟನೆಯ ಹೆಸರಿನ ಹೊತ್ತಿಗೆ ಆಚೆ ದಡದ ಪತ್ರಿಕೆಯವನು ಕ್ಯಾಮೆರಾ ಎತ್ತಿದ. ಧಣಿಗಳ ಮುಖದಲ್ಲಿ ನಗು ಬಂತು, ಬೆನ್ನು ಬಾಗಿತು.

“ಅವ್ವಾ... ಎಲ್ರೂ ನೋಡ್ತಾವ್ರೆ. ಏಳವ್ವಾ.”

ಅಜ್ಜಿ ಅವರನ್ನೇ ದಿಟ್ಟಿಸಿದಳು.

“ಅವ್ವಾ ಅಂದು ಲೆಕ್ಕ ತಪ್ಪಿಸ್ಬುಟ್ಟೆಯಲ್ಲೊ ಮಗ್ನೆ. ಇರ್ಲಿ ಬುಡು, ಮೊದ್ಲಿಂದ ಹೇಳ್ತೀನಿ. ನೀನೂ ಕೂತ್ಕೊ.”