ಜಮಖಾನದ ಅಡಿಯಲ್ಲಿ ಸಿಕ್ಕಿದ್ದು

ನಾನು ಒಂದು ಜಮಖಾನ. ಹುಟ್ಟಿದ್ದು ನವಲಗುಂದದ ಒಂದು ಪುಟ್ಟ ಮನೆಯಲ್ಲಿ. ಹನೀಫಾಬಿ ಎಂಬಾಕೆ ಅಡುಗೆ ಮುಗಿಸಿ ಸಿಕ್ಕ ಹೊತ್ತಿನಲ್ಲೆಲ್ಲ ಮಗ್ಗದ ಮುಂದೆ ಕೂತು, ಎರಡು ತಿಂಗಳು ನನ್ನನ್ನು ನೇಯ್ದಳು. ಮೈತುಂಬ ನವಿಲುಗಳನ್ನು ಕೂರಿಸಿದಳು. ಒಂದು ನವಿಲಿನ ಕಾಲು ಮಾತ್ರ ಸೊಟ್ಟ. ಅದನ್ನು ನೇಯುವಾಗ ಒಲೆಯ ಮೇಲೆ ಹಾಲು ಉಕ್ಕಿತ್ತಂತೆ.

ಮೊದಲು ಧಾರವಾಡದ ವಕೀಲರೊಬ್ಬರ ಪಡಸಾಲೆಯಲ್ಲಿದ್ದೆ. ನಮ್ಮಂಥವರಿಗೆ ಜನರ ಪರಿಚಯ ಕೆಳಗಿನಿಂದಲೇ: ಮೊದಲು ಅಂಗಾಲು, ಮುಖ ಆಮೇಲೆ. ಸೋಫಾ ಬಂದ ದಿನ ನನಗೆ ಅಟ್ಟವೇ ಗತಿಯಾಯಿತು. ಅಲ್ಲಿಂದ ನನ್ನನ್ನು ಕೇಳಿ ತಂದವರು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುವ ಸುಲೋಚನಾ ಅಕ್ಕೋರು.

ಪರೀಕ್ಷೆ ಮುಗಿದು ಯುಗಾದಿ ಬಂತೆಂದರೆ ಅಕ್ಕೋರು ಏಳನೆಯ ತರಗತಿಯ ಹುಡುಗಿಯರನ್ನು ಕೆರೆದಂಡೆಯ ಹೊಂಗೆ ತೋಪಿಗೆ ಕರೆದೊಯ್ಯುತ್ತಿದ್ದರು. ವರ್ಷವಿಡೀ ಶಾಲೆಯ ಕಪಾಟಿನಲ್ಲಿ ಮಡಿಚಿ ಬಿದ್ದಿರುವ ನನಗೆ ಅದೊಂದೇ ಹಬ್ಬ. ತಲೆಯ ಮೇಲೆ ಎಳೆಚಿಗುರು, ಎಲ್ಲೋ ಕೋಗಿಲೆ, ಮೈಮೇಲೆ ಇಪ್ಪತ್ತು ಜೊತೆ ಕಾಲುಗಳ ಕುಣಿತ!

ಆದರೆ ಒಂದು ವರ್ಷ ಹುಡುಗಿಯರು ತೋಪಿನ ತುಂಬ ಕಸ ಚೆಲ್ಲಿ ಹೋದರು. ಮರುವರ್ಷ ಕಾವಲುಗಾರ ಫಕೀರಪ್ಪ ಗಲ್ಲದಲ್ಲಿ ಗುಟ್ಕಾ ಒತ್ತಿಕೊಂಡೇ ಗೇಟಿಗೆ ಅಡ್ಡ ನಿಂತ.

“ಅಕ್ಕೋರ, ಈ ಸಲ ಒಂದ ಚೂರು ಕಸ ಕಂಡ್ರೂ ಬರೂ ವರ್ಷದಿಂದ ನಿಮ್ಮ ಸಾಲಿ ಹುಡುಗ್ಯಾರ್ನ ಒಳಗ ಬಿಡಂಗಿಲ್ಲ ನೋಡ್ರಿ.”

ಅಕ್ಕೋರಿಗೆ ಅದು ನಿವೃತ್ತಿಯ ವರ್ಷ. ತಾವು ಹೋದ ಮೇಲೂ ಮಕ್ಕಳಿಗೆ ಈ ದಿನ ಉಳಿಯಬೇಕೆಂಬುದು ಅವರ ಆಸೆ. “ಆತು ಬಿಡಪಾ,” ಎಂದು ಒಪ್ಪಿಕೊಂಡರು. ಮುತ್ತುಗದ ಎಲೆಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದರು. ಉಂಡ ಎಲೆಗಳನ್ನು ಹುಡುಗಿಯರೇ ಚೀಲಕ್ಕೆ ತುಂಬಿದರು. ಪರಿಸರದ ಬಗ್ಗೆ ಅಕ್ಕೋರ ಭಾಷಣವೂ ಶುರುವಾಯಿತು. ಅದರ ನಡುವೆಯೇ ಕಸ್ತೂರಿ ಎಂಬ ಹುಡುಗಿ, ತಾನು ಕದ್ದು ತಿಂದ ಚಿಪ್ಸಿನ ಪಾಕೀಟನ್ನು ಮೆಲ್ಲಗೆ ನನ್ನ ಅಂಚಿನಡಿ ತಳ್ಳಿದಳು. ಬಾಯಿಲ್ಲದ ನಾನು ಏನು ಮಾಡಲಿ?

ಸಂಜೆ ಫಕೀರಪ್ಪ ಸುತ್ತೆಲ್ಲ ನೋಡಿ ತಲೆದೂಗಿದ. ಅಕ್ಕೋರ ಮುಖ ಅರಳಿತು. ಅಷ್ಟರಲ್ಲಿ ಮಡಿಚಲೆಂದು ಹುಡುಗಿಯರು ನನ್ನನ್ನು ಎತ್ತಿಯೇಬಿಟ್ಟರು. ಪಾಕೀಟು ಬಿಸಿಲಿಗೆ ಮಿಂಚಿತು.

“ಏನ್ರಿ ಇದು?” ಎಂದ ಫಕೀರಪ್ಪ, ಸೊಂಟದ ಮೇಲೆ ಕೈಯಿಟ್ಟು.

“ನಂದರಿ ಅದು. ತಪ್ಪಾತ್ರಿ,” ಎಂದು ಕಸ್ತೂರಿ ಅಳತೊಡಗಿದಳು.

ಅಕ್ಕೋರು ಪಾಕೀಟು ಎತ್ತಲೆಂದು ಬಗ್ಗಿದರು. ಪಾಕೀಟಿನ ಪಕ್ಕದಲ್ಲೇ ಮಣ್ಣಿಗೆ ಅಂಟಿಕೊಂಡಿದ್ದ ಹಳೆಯ ಗುಟ್ಕಾ ಚೀಟಿಗಳು ಕಂಡವು: ಒಂದಲ್ಲ, ಎರಡಲ್ಲ, ಏಳು! ಬೆಳಗಿನಿಂದ ನನ್ನ ಬೆನ್ನಿಗೆ ಚುಚ್ಚುತ್ತಿದ್ದದ್ದು ಅವೇ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದರೆ ಇದೇ.

“ಫಕೀರಪ್ಪ, ಇವನ್ನ ಯಾವ ಸಾಲಿ ಹುಡುಗ್ಯಾರು ತಿಂದು ಒಗದಾರಪಾ?”

ಹುಡುಗಿಯರು ಬಿದ್ದು ಬಿದ್ದು ನಕ್ಕರು. ಅಳುತ್ತಿದ್ದ ಕಸ್ತೂರಿಯೂ ನಕ್ಕಳು. ಗಲ್ಲದಲ್ಲಿದ್ದದ್ದನ್ನು ಉಗುಳಲೂ ಆಗದೆ ನುಂಗಲೂ ಆಗದೆ ಫಕೀರಪ್ಪ ಒದ್ದಾಡಿದ. ಆಮೇಲೆ ಕಸ್ತೂರಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೀಟಿ ಆರಿಸಿದ.

“ಬರೂ ವರ್ಷ ಬರ್ರಿ ಅಕ್ಕೋರ. ನಾನೂ ಹಸನ ಇಡ್ತೀನಿ,” ಎಂದ.

ಈಗ ನನಗೆ ವಯಸ್ಸಾಯಿತು. ಅಂಚು ಪಿಸಿದು ಎಳೆ ಬಿಟ್ಟಿದೆ, ನವಿಲುಗಳ ಬಣ್ಣ ಮಾಸಿದೆ. ಮುಚ್ಚಿಟ್ಟ ಮಾತ್ರಕ್ಕೆ ಯಾವುದೂ ಇಲ್ಲವಾಗುವುದಿಲ್ಲ ಎಂಬುದು ನಾನು ಬೆನ್ನಿಗೆ ಚುಚ್ಚಿಸಿಕೊಂಡು ಕಲಿತ ಪಾಠ. ಹೊಸ ಅಕ್ಕೋರು ಬಂದರೂ ತೋಪಿನ ಪಯಣ ನಿಂತಿಲ್ಲ. ಕಳೆದ ಯುಗಾದಿಗೆ ಸುಲೋಚನಾ ಅಕ್ಕೋರೂ ಕೋಲೂರಿಕೊಂಡು ಬಂದಿದ್ದರು. ಸಂಜೆ ನನ್ನನ್ನು ಎತ್ತುವಾಗ ಎಲ್ಲರಿಗಿಂತ ಮೊದಲು ಬಗ್ಗಿ ನೋಡಿದವನು ಫಕೀರಪ್ಪ. ಕೆಳಗೆ ಒಂದಿಷ್ಟು ಇರುವೆಗಳು ಗಾಬರಿಯಾಗಿ ಓಡುತ್ತಿದ್ದವು, ಅಷ್ಟೇ. ಅಕ್ಕೋರು ಕೋಲನ್ನು ಅಲ್ಲೇ ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.