ಬಾಕಿ ಉಳಿದ ಹದಿನೇಳು ಅಪ್‌ಡೇಟ್

ಮೂರನೆಯ ಸಲ ಅಕ್ಕ ಮನೆಬಿಟ್ಟು ಹೊರಟು ಸಿಕ್ಕಿಬಿದ್ದಾಗ ಭಾವ ಅವಳನ್ನು ಬಸ್ ನಿಲ್ದಾಣದಲ್ಲಿ ಹೊಡೆಯಲಿಲ್ಲ. ಟಿಕೆಟ್ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದವನು ಎದ್ದು ಬಂದು, ಹತ್ತು ಜನ ನೋಡುವಂತೆ ನಕ್ಕು, "ಚೀಲ ಭಾರ ಇರ್ಬೇಕಲ್ಲ, ಕೊಡು" ಎಂದ. ಮನೆಗೆ ಕರೆತಂದು, ಚಿಲಕ ಹಾಕಿ, ಟಿವಿ ಜೋರು ಮಾಡಿ, ಆಮೇಲೆ ಕೆಲಸಕ್ಕಿಳಿದ. ಮಲಗುವ ಕೋಣೆಯ ಬಾಗಿಲ ಸಂದಿಯಲ್ಲಿ ಅವಳ ಎಡಗೈಯನ್ನು ಹಿಡಿದಿಟ್ಟು ಬಾಗಿಲು ಎಳೆದ. ಎರಡು ಬೆರಳು ಒಣಕಡ್ಡಿಯಂತೆ ಲಟಕ್ಕೆಂದವು. "ಬಲಗೈ ಬಿಟ್ಟಿದೀನಿ ನೋಡು. ಇಲ್ದಿದ್ರೆ ಅಡುಗೆ ಯಾರು ಮಾಡ್ತಾರೆ?" ಎಂದು ಅವನೇ ನಕ್ಕ.

ಇದನ್ನು ಅಕ್ಕ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಕರಡಿನಲ್ಲಿ ಬರೆದಳು.

ಅಕ್ಕನಿಗೊಂದು ಬ್ಲಾಗ್ ಇತ್ತು. ಹರಿದ ಬಟ್ಟೆಯನ್ನು ಗುರುತೇ ಕಾಣದಂತೆ ಹೊಲಿಯುವುದು ಹೇಗೆ ಎಂದು ಫೋಟೋ ಸಮೇತ ಬರೆಯುತ್ತಿದ್ದಳು. ಭಾವ ದಿನಾ ಸಂಜೆ ಅವಳ ಫೋನಿನ ಕರೆ, ಮೆಸೇಜುಗಳನ್ನೆಲ್ಲ ಜರಡಿ ಹಿಡಿಯುತ್ತಿದ್ದುದರಿಂದ ಅಕ್ಕತಂಗಿಯರು ಆ ಬ್ಲಾಗಿನೊಳಗೇ ಒಂದು ಮೂಲೆ ಮಾಡಿಕೊಂಡಿದ್ದರು. "ಕಾಲುಚೀಲದ ಹಿಮ್ಮಡಿ ಹೊಲಿಯುವ ಬಗೆ" ಎಂಬ, ಎಂದೂ ಪ್ರಕಟಿಸದ ಒಂದು ಕರಡು. ಅಕ್ಕ ಒಂದು ಸಾಲು ಬರೆಯುವಳು, ಅದರ ಕೆಳಗೆ ತಂಗಿ ಒಂದು ಸಾಲು. ಗೋಡೆಗೂ ಕಿವಿ ಇರುತ್ತದೆಂದು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುತ್ತಿದ್ದರು. ಹೊರಡುವ ದಿನ, ಹೊತ್ತು, ಬಸ್ಸು, ಎಲ್ಲ ಅಲ್ಲಿಯೇ ನಿಗದಿಯಾಗುತ್ತಿತ್ತು. ಆದರೂ ಮೂರು ಸಲವೂ ಭಾವ ಅವಳಿಗಿಂತ ಮೊದಲೇ ಹೋಗಿ ಕೂತಿದ್ದ.

ತಂಗಿಯನ್ನು ಎಲ್ಲರೂ ಮೂಕಿ ಎನ್ನುತ್ತಿದ್ದರು. ಮಾತು ಬಾರದವಳಲ್ಲ, ಆಡದವಳು. ಏಳನೆಯ ತರಗತಿಗೆ ಶಾಲೆ ಬಿಟ್ಟು, ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಯಂತ್ರದ ಮುಂದೆ ನಿಂತವಳು ಆರು ವರ್ಷದಿಂದ ಅಲ್ಲಿಯೇ ನಿಂತಿದ್ದಳು. ಸೊಂಟದೆತ್ತರಕ್ಕೆ ಬಟ್ಟೆ ಹರಡುವ ಒಂದು ಹಾಸು, ಅದರ ಮೇಲೆ ಬಾಯಿ ತೆರೆದಂತಿರುವ ಕಾದ ಉಕ್ಕಿನ ತಟ್ಟೆ. ಕಾಲ ಬುಡದ ಪೆಡಲ್ ಒತ್ತಿದರೆ ತಟ್ಟೆ ಇಳಿದು ಬಂದು ಕಚ್ಚುತ್ತದೆ, ಕಾಲು ತೆಗೆದರೆ ಬಿಡುತ್ತದೆ. ಕಾಲರಿಗೆ ಎಂಟು ಎಣಿಸಬೇಕು, ಕೋಟಿನ ಅಂಚಿಗೆ ಹನ್ನೆರಡು. ಈಗಿನ ಯಂತ್ರಗಳಲ್ಲಿ ಎರಡೂ ಕೈ ಎರಡು ಬಟನ್ನಿನ ಮೇಲಿದ್ದರೆ ಮಾತ್ರ ತಟ್ಟೆ ಇಳಿಯುತ್ತದೆ. ಕೈ ಸಿಕ್ಕಿಕೊಳ್ಳುವ ಮಾತೇ ಇಲ್ಲ. ಇದನ್ನು ಬದಲಿಸಿ ಎಂದು ತಪಾಸಣೆಯವರು ಬಂದಾಗಲೆಲ್ಲ ಹೇಳಿ ಹೋಗುತ್ತಿದ್ದರು. ಲಾಂಡ್ರಿ ನಡೆಸುವ ಸೋಪಮ್ಮ, "ಹಳೇ ಮಿಷನ್ನು, ಹಳೇ ಗಂಡ, ಎರಡೂ ರೂಢಿ ಆಗ್ಬಿಟ್ಟಿರ್ತವೆ" ಎಂದು ಅವರಿಗೆ ಚಹಾ ಕೊಟ್ಟು ಕಳಿಸುತ್ತಿದ್ದಳು.

ಬ್ಲಾಗಿನ ನೆತ್ತಿಯ ಮೇಲೆ ಒಂದು ಕೆಂಪು ಚುಕ್ಕಿ ಇತ್ತು. ಬ್ಲಾಗ್ ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ, ಅಪ್‌ಡೇಟ್ ಮಾಡಿ ಎಂದು ಅದರೊಳಗಿನ ಅಂಕಿ ಒಂದೊಂದೇ ಏರಿ, ಈಗ ಹದಿನೇಳಕ್ಕೆ ಬಂದು ನಿಂತಿತ್ತು. "ಅದನ್ನ ಮುಟ್ಟೀಯ, ಜೋಕೆ! ಫೋಟೋ ಎಲ್ಲ ಅಳಿಸಿ ಹೋಗ್ತವೆ" ಎಂದು ಭಾವ ಮೊದಲೇ ಹೆದರಿಸಿದ್ದ. ಅವನು ಉಪ್ಪನ್ನು ಉಪ್ಪು ಎಂದರೂ ನಂಬದ ಅಕ್ಕ ಇದೊಂದನ್ನು ನಂಬಿದ್ದಳು. ಮನೆಯ ಕೆಳಗೇ ಅವನ ಮೊಬೈಲ್, ಕಂಪ್ಯೂಟರ್ ರಿಪೇರಿ ಅಂಗಡಿ. ಅವನ ಕಸುಬಿನ ಮಾತು ಅವನಿಗಲ್ಲದೆ ಇನ್ಯಾರಿಗೆ ಗೊತ್ತು?

ಮೂಕಿಗೆ ಒಂದು ಚಾಳಿ. ಓದು ಬಿಟ್ಟವಳಾದರೂ ಸೋಪಿನ ಪೊಟ್ಟಣದ ಹಿಂದಿನ ಸಣ್ಣ ಅಕ್ಷರದಿಂದ ಹಿಡಿದು ಎಲ್ಲವನ್ನೂ ಕೊನೆಯವರೆಗೆ ಓದುವವಳು. ಬೆರಳು ಮುರಿದ ಸುದ್ದಿ ಓದಿದ ಮಧ್ಯಾಹ್ನ, ಊಟದ ಡಬ್ಬಿ ತೆರೆಯದೆ, ಆ ಹದಿನೇಳು ಆವೃತ್ತಿಗಳ ಟಿಪ್ಪಣಿಗಳನ್ನು ಒಂದೊಂದಾಗಿ ಓದಿದಳು. ಒಂಬತ್ತನೆಯದರಲ್ಲಿ ಹೀಗಿತ್ತು: "ಹಿಂದಿನ ಆವೃತ್ತಿಗಳಲ್ಲಿ, ಪ್ರಕಟವಾಗದ ಕರಡುಗಳನ್ನು ಪಾಸ್‌ವರ್ಡ್ ಇಲ್ಲದವರೂ ಓದಬಹುದಾದ ದೋಷವಿತ್ತು. ಸರಿಪಡಿಸಲಾಗಿದೆ. ದಯವಿಟ್ಟು ಕೂಡಲೇ ಅಪ್‌ಡೇಟ್ ಮಾಡಿಕೊಳ್ಳಿ."

ಅದನ್ನು ಅವಳು ಇನ್ನೊಮ್ಮೆ ಓದಿದಳು. ಬೆಂಚಿನ ಮೇಲೆ ಕೂತು ಕಾಯುವ ಸುಖಕ್ಕಾಗಿ ಭಾವ ಅಷ್ಟು ದಿನ ಆ ಕರಡನ್ನು ಓದುತ್ತಿದ್ದ.

ಅಪ್‌ಡೇಟ್ ಬಟನ್ನಿನ ಮೇಲೆ ಬೆರಳು ಇಟ್ಟಳು. ಮತ್ತೆ ತೆಗೆದಳು. ಈಗಲೇ ಕಿಂಡಿ ಮುಚ್ಚಿದರೆ ಅವನಿಗೆ ತಿಳಿದುಹೋಗುತ್ತದೆ, ಉಳಿದ ಬೆರಳುಗಳೂ ಹೋಗುತ್ತವೆ. ಅಂಗಡಿಯ ಕಣ್ಣು ತಪ್ಪಿಸಿ ಮೆಟ್ಟಿಲಿಳಿಯುವ ದಾರಿ ಅಕ್ಕನಿಗಿಲ್ಲ. ಅವನೇ ಅಲ್ಲಿಂದ ಏಳಬೇಕು.

ಸೋಮವಾರ ಲಾಂಡ್ರಿಯಿಂದ ಹರಿದ ಬಟ್ಟೆ ಒಯ್ದು ಅಕ್ಕನಿಗೆ ಕೊಡುವುದು ವಾಡಿಕೆ. ಭಾವ ಎಂದಿನಂತೆ ಚೀಲ ತಡಕಿದ. ಕೋಟೊಂದರ ಜೇಬು ತಿರುವಿ ಎಸೆದ. ಚೀಟಿ ಇದ್ದದ್ದು ಜೇಬಿನಲ್ಲಲ್ಲ, ಒಳಪದರದ ಹೊಲಿಗೆಯೊಳಗೆ. ಅದನ್ನು ಬಿಚ್ಚುವುದು ಅಕ್ಕನದೇ ಕೆಲಸ. "ಕರಡನ್ನು ಅವನು ಓದ್ತಾನೆ. ಇನ್ಮೇಲೆ ಅಲ್ಲಿ ಬರೆಯೋದು ಸುಳ್ಳು. ಗುರುವಾರ ಅವನು ಗಾಡಿ ತೆಗೆದ ಕೂಡಲೇ ಹೊರಡು. ಹನ್ನೊಂದರ ಬಸ್ಸು."

ಆ ರಾತ್ರಿ ಕರಡಿನಲ್ಲಿ ಹೊಸ ಸಾಲು ಬಿತ್ತು: "ಗುರುವಾರ ಹತ್ತೂವರೆಗೆ ಲಾಂಡ್ರಿ ಹಿಂಬಾಗಿಲಿಗೆ ಬಾ. ಬಟ್ಟೆ ಸಾಗಿಸೋ ವ್ಯಾನಲ್ಲಿ ನಿನ್ನ ಕಳಿಸ್ತೀನಿ." ಕೆಳಗೆ ಅಕ್ಕ ಬರೆದಳು: "ಸರಿ."

ಗುರುವಾರ ಹತ್ತಕ್ಕೆ ಐದು ನಿಮಿಷ ಇದ್ದಾಗ, ಆವಿ ಹಿಡಿದ ಕಿಟಕಿಯನ್ನು ಅಂಗೈಯಲ್ಲಿ ಒರೆಸಿದ ಮೂಕಿಗೆ ಹಿಂದಿನ ಓಣಿಯಲ್ಲಿ ಭಾವ ಕಂಡ. ಬೈಕಿಗೆ ಒರಗಿ ನಿಂತು ಕಡಲೆಬೀಜ ತಿನ್ನುತ್ತಿದ್ದ. ಹತ್ತೂವರೆಯಾಯಿತು. ಹತ್ತು ನಲವತ್ತಕ್ಕೆ ಕಾಗದದ ಪೊಟ್ಟಣ ಮುದುರಿ ಎಸೆದು ಒಳಗೆ ಬಂದ.

"ಎಲ್ಲೇ ನಿನ್ನಕ್ಕ?"

ಅವಳು ಅಂಗಿಯೊಂದರ ಕಾಲರನ್ನು ಹಾಸಿನ ಮೇಲೆ ಹರಡಿದಳು. ಮೊದಲ ಏಟು ಕಿವಿಗೆ ಬಿತ್ತು. ಎರಡನೆಯದಕ್ಕೆ ಮೂಗಿನಿಂದ ರಕ್ತ ಇಳಿದು ಬಿಳಿ ಅಂಗಿಯ ಮೇಲೆ ಚಿಮ್ಮಿತು. ಮುಂದಿನ ಕೋಣೆಯ ಒಗೆಯುವ ಡ್ರಮ್ಮುಗಳ ಗದ್ದಲಕ್ಕೆ ಗುಂಡು ಹಾರಿದರೂ ಕೇಳುವಂತಿರಲಿಲ್ಲ. ಅವನು ಬಟ್ಟೆಯ ಗುಡ್ಡೆಗಳನ್ನು ಒದ್ದು ಕೆಡವಿದ, ಬೀರುವಿನ ಬಾಗಿಲು ಕಿತ್ತು ನೋಡಿದ. ಅವಳ ಹೊಟ್ಟೆಗೆ ಒದ್ದ. ಅವಳು ಮೊಣಕಾಲೂರಿ ಬಿದ್ದು, ನಾಲಿಗೆಗೆ ಸಿಕ್ಕ ಹಲ್ಲಿನ ಚೂರನ್ನು ಉಗುಳಿದಳು.

ಅವನು ಮನೆಗೆ ಫೋನ್ ಮಾಡಿದ. ರಿಂಗ್ ಆಯಿತು, ಎತ್ತುವವರಿಲ್ಲ. ಅವನ ಮುಖ ನಿಧಾನವಾಗಿ ಬದಲಾಯಿತು. ಗೋಡೆಯ ಗಡಿಯಾರದಲ್ಲಿ ಹತ್ತು ಐವತ್ತು. ಬೈಕಿನಲ್ಲಿ ನಿಲ್ದಾಣಕ್ಕೆ ಏಳೆಂಟು ನಿಮಿಷ ಸಾಕು. ಅವನು ಬಾಗಿಲ ಕಡೆ ತಿರುಗಿದ.

"ಭಾವ" ಎಂದಳು ಮೂಕಿ.

ಅಕ್ಕನ ಮದುವೆಯಾದಂದಿನಿಂದ ಅವನನ್ನು ಅವಳು ಕರೆದದ್ದು ಅದೇ ಮೊದಲು. ಅವನು ನಿಂತ.

"ಕಾಲುಚೀಲದ ಹಿಮ್ಮಡಿ ಹೊಲಿಯೋದು ಚೆನ್ನಾಗಿ ಕಲಿತ್ರಾ? ಈ ವಾರದ್ದು ನಾನೇ ಬರೆದದ್ದು, ನಿಮಗೆ ಅಂತಲೇ." ರಕ್ತದ ಬಾಯಲ್ಲಿ ಮಾತು ತೊದಲುತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ದೊಡ್ಡ ಮೆಕ್ಯಾನಿಕ್ ನೀವು. ಏಳನೇ ಕ್ಲಾಸಿನವಳು ಕರೆದಲ್ಲಿಗೆ ಬಾಲ ಅಲ್ಲಾಡಿಸಿಕೊಂಡು ಬಂದ್ರಿ."

ಅವನು ನಿಲ್ದಾಣವನ್ನು ಮರೆತ. ಅವಳ ಜಡೆಯನ್ನು ಬಲಗೈಗೆ ಸುತ್ತಿ ಎಳೆದು ನಿಲ್ಲಿಸಿ, ಮುಖವನ್ನು ಯಂತ್ರದ ಕಡೆ ನೂಕಿದ. "ಬಾಯಿ ಬಂತಾ ನಿನಗೆ? ಸುಟ್ಟು ಮುಚ್ತೀನಿ ಅದನ್ನ." ಕಾದ ತಟ್ಟೆಯ ಬಿಸಿ ಅವಳ ರೆಪ್ಪೆಗೆ ತಗುಲಿತು. ಕೂದಲು ಸೀದ ವಾಸನೆ ಬಂತು. ಅವಳು ಹಾಸಿನ ಅಂಚು ಹಿಡಿದು ಹಿಂದಕ್ಕೆ ತಳ್ಳಿದಳು. ಅವನು ಇನ್ನೂ ಬಲ ಹಾಕಲು ಎಡಗೈಯನ್ನು ಹಾಸಿನ ಮೇಲೆ ಊರಿದ, ಕಾಲರ್ ಇಡುವ ಜಾಗದಲ್ಲೇ.

ಆರು ವರ್ಷದಿಂದ ನೋಡುತ್ತಿದ್ದ ಜಾಗ ಅದು. ಅವಳು ಹಿಡಿತ ಬಿಟ್ಟು, ಹುಲಿಯ ಬಾಯಿಂದ ತಲೆ ತೆಗೆದಂತೆ ಪಕ್ಕಕ್ಕೆ ಜಾರಿ, ಪೆಡಲನ್ನು ಒತ್ತಿದಳು.

ಅವನು ಕೂಗಿದ ಕೂಗು ಡ್ರಮ್ಮುಗಳನ್ನೂ ದಾಟಿ ಬೀದಿಗೆ ಕೇಳಿಸಿತು. ಜಡೆ ಬಿಟ್ಟು ಅವಳ ಕುತ್ತಿಗೆಗೆ ಗುದ್ದಿದ, ಬೆನ್ನಿಗೆ ಗುದ್ದಿದ. ಅವಳು ಎಂಟರವರೆಗೆ ಎಣಿಸಿದಳು. ಎಣಿಸಿ ಕಾಲು ತೆಗೆದಳು. ಅವನು ಕೈಯನ್ನು ಎದೆಗವಚಿಕೊಂಡು ಒದ್ದೆ ಬಟ್ಟೆಗಳ ಮೇಲೆ ಕುಸಿದ. ಕೈ ಕೈಯಂತಿರಲಿಲ್ಲ.

ಓಡಿ ಬಂದ ಸೋಪಮ್ಮ ಬಾಗಿಲಲ್ಲೇ ನಿಂತಳು. ಅವನನ್ನು ನೋಡಿದಳು, ಹುಡುಗಿಯ ಮುಖ ನೋಡಿದಳು, ಯಂತ್ರ ನೋಡಿದಳು.

"ಅಯ್ಯೋ ನನ್ನ ಮಿಷನ್ನೇ" ಎಂದಳು. ಆಮೇಲೆ ಹುಡುಗಿಯ ಕೈಗೆ ಒಂದು ಟವೆಲ್ ಕೊಟ್ಟು, "ಆಂಬುಲೆನ್ಸಿಗೂ ಪೊಲೀಸಿಗೂ ಫೋನ್ ಮಾಡ್ತೀನಿ. ಬಂದವರ ಹತ್ರ ನಾನು ಮಾತಾಡ್ತೀನಿ ಕಣೇ, ನೀನು ಎಂದಿನ ಹಾಗೆ ಸುಮ್ನಿರು" ಎಂದಳು.

"ಬೇಡ. ನಾನೇ ಹೇಳ್ತೀನಿ."

ಗಡಿಯಾರದಲ್ಲಿ ಹನ್ನೊಂದು ದಾಟಿ ನಾಲ್ಕು ನಿಮಿಷವಾಗಿತ್ತು. ಅವನು ನರಳುತ್ತ, ಬಯ್ಯುತ್ತ, ಮತ್ತೆ ನರಳುತ್ತ ಬಿದ್ದಿದ್ದ. ಮೂಕಿ ಗೋಡೆಗೆ ಒರಗಿ ಕೂತು ಫೋನ್ ತೆಗೆದಳು. ರಕ್ತ ಮೆತ್ತಿದ ಬೆರಳು ಪರದೆಯ ಮೇಲೆ ಎರಡು ಸಲ ಜಾರಿತು. ಲಂಗದ ಅಂಚಿಗೆ ಒರೆಸಿಕೊಂಡಳು. ಟಿಪ್ಪಣಿಯಲ್ಲಿ ಹೇಳಿದ್ದಂತೆ ಮೊದಲು ಎಲ್ಲದರ ಪ್ರತಿ ತೆಗೆದಿಟ್ಟಳು. ಆಮೇಲೆ ಅಪ್‌ಡೇಟ್ ಒತ್ತಿದಳು. ಹಸಿರು ಗೆರೆ ಇರುವೆಯಂತೆ ಹರಿಯಿತು. ನಡುವೆ ನಿಲ್ಲಿಸಬಾರದು ಎಂದಿತ್ತು. ಅವನ ಕಾಲು ಒಮ್ಮೆ ಅವಳ ಕಡೆ ಒದೆದಾಗಲೂ ಅವಳು ಪರದೆಯಿಂದ ಕಣ್ಣು ಎತ್ತಲಿಲ್ಲ.

ಕೆಂಪು ಚುಕ್ಕಿ ಮಾಯವಾಯಿತು. ಫೋಟೋಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿ ನೋಡಿದಳು. ಮೊಣಕೈ, ಜೇಬು, ಅಂಚು, ತೋಳು, ನಾಲ್ಕು ವರ್ಷದ ಹೊಲಿಗೆಯೆಲ್ಲ ಇದ್ದಲ್ಲೇ ಇತ್ತು.

ಆಮೇಲೆ ಕರಡನ್ನು ತೆರೆದಳು. ಕೊನೆಯಲ್ಲಿ ಹೊಸ ಸಾಲೊಂದು, ಒಂದೇ ಕೈಯಲ್ಲಿ ಬರೆದದ್ದರಿಂದ ಅಕ್ಷರ ತಪ್ಪುತಪ್ಪಾಗಿ: "ಬಸ್ಸು ಹೊರಟಿತು. ಕಿಟಕಿ ಪಕ್ಕ ಸಿಕ್ತು. ನಿಂಗೇನೂ ಆಗ್ಲಿಲ್ಲ ತಾನೆ?"

ಅದರ ಕೆಳಗೆ ಅವಳು ಬರೆದಳು: "ಒಂದು ಹಲ್ಲು. ನೀನು ಬರೀತಾ ಇರು, ಈಗ ಯಾರೂ ಓದಲ್ಲ."