ಜೋಡಿ ತೂಕ

ಪುಕ್ಕಲ ಬಾಯಿ ತೆರೆಯಲೊಲ್ಲದು. ತರಕಾರಿ ಅಂಗಡಿಯವನು ಅದನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಸೂಜಿಯಿಲ್ಲದ ಸಿರಿಂಜಿನಿಂದ ಹುಲ್ಲಿನ ಪುಡಿಯ ಗಂಜಿಯನ್ನು ಅದರ ತುಟಿಯ ಪಕ್ಕಕ್ಕೆ ತೂರಿಸಿ ನೋಡಿದ. ಒಳಗೆ ಹೋದದ್ದಕ್ಕಿಂತ ಅವನ ಪ್ಯಾಂಟಿನ ಮೇಲೆ ಬಿದ್ದದ್ದೇ ಹೆಚ್ಚು.

"ತಿನ್ನಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದ.

ಅಂಗೈಯಗಲದ ಗಿನಿಪಿಗ್ಗಿನ ಕಾಲಿಗೆ ಯಾರಾದರೂ ಬೀಳುತ್ತಾರೆಯೇ? ಬೀಳುತ್ತಾರೆ, ಸ್ವಾಮಿ. ಗತಿಗೆಟ್ಟರೆ ಯಾರ ಕಾಲಿಗೆ ಬೇಕಾದರೂ ಬೀಳುತ್ತಾರೆ. ಅದು ಸತ್ತರೆ ಮಗಳು ಮತ್ತೆ ಮನೆಗೆ ಬರುವುದಿಲ್ಲವೆಂದು ಅವನು ನಂಬಿದ್ದ.

ಗಂಡ ಹೆಂಡತಿ ಬೇರೆಯಾದಾಗ ಮಗಳು ಅಮ್ಮನ ಜೊತೆ ಹೋದಳು. ಅಮ್ಮನ ಬಾಡಿಗೆ ಮನೆಯಲ್ಲಿ ಪ್ರಾಣಿ ಸಾಕುವಂತಿಲ್ಲ. ಹಾಗಾಗಿ ದಡಿಯ, ಪುಕ್ಕಲ ಎಂಬ ಜೋಡಿ ಅಪ್ಪನ ಪಾಲಿಗೆ ಬಂತು. ಭಾನುವಾರ ಮಧ್ಯಾಹ್ನ ಮಗಳು ಬರುತ್ತಾಳೆ, ಚಪ್ಪಲಿ ಕಳಚಿದವಳೇ ಸೀದಾ ಗೂಡಿನ ಹತ್ತಿರ ಹೋಗುತ್ತಾಳೆ. ಉಗುರು ಕತ್ತರಿಸುತ್ತಾಳೆ. ಕಣ್ಣು, ಕಿವಿ, ಮುಂದಿನ ಹಲ್ಲು ನೋಡುತ್ತಾಳೆ. ಹಿಕ್ಕೆ ಗಟ್ಟಿಯಾಗಿದೆಯೇ ಎಂದು ಮೂಗು ಮುರಿಯದೆ ಪರೀಕ್ಷೆ ಮಾಡುತ್ತಾಳೆ. ಕೊನೆಗೆ ತೂಕ. ಅಪ್ಪ ಟವೆಲು ಹಿಡಿದು ಪಕ್ಕದಲ್ಲಿ ನಿಂತಿರುತ್ತಾನೆ, ನರ್ಸಿನ ಹಾಗೆ. ಅವಳು ಬರುವುದು ಅವುಗಳಿಗಾಗಿ, ತಾನು ಬರೀ ಬಾಗಿಲು ತೆಗೆಯುವವನು ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡಿದ್ದ.

ಎಡವಟ್ಟಾದದ್ದು ಆ ತೂಕದಲ್ಲೇ. ದಡಿಯನನ್ನು ಬಿಟ್ಟು ಒಂಟಿಯಾಗಿ ಕೂರಿಸಿದರೆ ಪುಕ್ಕಲ ಮನೆ ಕಿತ್ತು ಹೋಗುವ ಹಾಗೆ ಚೀರುತ್ತಿತ್ತು. ಒಂದು ಭಾನುವಾರ ಮಗಳು, "ಪಾಪ ಕಣಪ್ಪಾ, ಇಬ್ರನ್ನೂ ಒಂದೇ ಬುಟ್ಟೀಲಿ ಕೂರ್ಸಿ ನೋಡೋಣ" ಎಂದಳು.

ಅವನ ಕಸುಬೇ ತೂಗುವುದು. ಗಿರಾಕಿ ಎಷ್ಟೇ ಅವಸರ ಮಾಡಲಿ, ಬೀನ್ಸು ಕ್ಯಾರೆಟ್ಟು ಒಟ್ಟಿಗೆ ತೂಗಿದವನಲ್ಲ. ಒಂದು ಏರಿ ಇನ್ನೊಂದು ಇಳಿದರೆ ಜೋಡಿ ತೂಕದಲ್ಲಿ ಏನೂ ತಿಳಿಯುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ವಾರಕ್ಕೊಂದು ಮಧ್ಯಾಹ್ನ ಬರುವ ಮಗಳಿಗೆ 'ಬೇಡ' ಅನ್ನಲು ಯಾವ ಅಪ್ಪನಿಗೆ ಬಾಯಿ ಬರುತ್ತದೆ? ಮುಖ ಊದಿಸಿಕೊಂಡು ಹೋದಳೆಂದರೆ? ಅವಳು ಏನೇ ಹೇಳಿದರೂ ಅವನದು ಒಂದೇ ಉತ್ತರ.

"ಆಯ್ತು ಪುಟ್ಟಿ" ಎಂದ.

ಅಲ್ಲಿಂದ ಪ್ರತಿ ವಾರ ಜೋಡಿ ತೂಕ. ಪ್ರತಿ ವಾರವೂ ಹೆಚ್ಚುಕಡಿಮೆ ಅಷ್ಟೇ. ಮಗಳಿಗೆ ಖುಷಿಯೋ ಖುಷಿ. ಇತ್ತ ದಡಿಯ ತನ್ನ ಪಾಲಿನ ಜೊತೆ ಪುಕ್ಕಲನ ಪಾಲನ್ನೂ ಮುಕ್ಕಿ ಉಬ್ಬುತ್ತಿದ್ದರೆ, ಪುಕ್ಕಲ ರೋಮದೊಳಗೇ ಸವೆಯುತ್ತಿತ್ತು. ಈ ಬುಧವಾರ ಬೆಳಿಗ್ಗೆ ದೊಣ್ಣೆ ಮೆಣಸಿನಕಾಯಿ ತೋರಿಸಿದರೂ ಅದು ಮೂಲೆ ಬಿಟ್ಟು ಬರಲಿಲ್ಲ. ಗದ್ದವೆಲ್ಲ ಜೊಲ್ಲು, ಗೂಡಿನಲ್ಲಿ ಒಂದೂ ಹಿಕ್ಕೆಯಿಲ್ಲ. ಎತ್ತಿಕೊಂಡರೆ ಕೈಗೆ ಬರೀ ಮೂಳೆ ಸಿಕ್ಕಿತು. ಅಂಗಡಿಯ ಷಟರು ಎಳೆದು ಓಡಿ ಬಂದಿದ್ದ.

ದವಡೆ ಹಲ್ಲು ಬೆಳೆದು ನಾಲಿಗೆಯ ಮೇಲೆ ಬಾಗಿದ್ದವು, ಅಗಿಯಲಾಗದೆ ಎಷ್ಟೋ ದಿನದಿಂದ ಹಸಿದಿತ್ತು. ಡಾಕ್ಟರಮ್ಮ ಅರಿವಳಿಕೆ ಕೊಟ್ಟು ಹಲ್ಲು ತೇಯ್ದರು. "ಈಗ ಹೊಟ್ಟೆ ನಿಂತುಹೋಗಿದೆ. ಇವುಗಳ ಹೊಟ್ಟೆ ಖಾಲಿ ಇರೋ ಹಾಗೇ ಇಲ್ಲ. ಹೇಗಾದ್ರೂ ಮಾಡಿ ಕುಡಿಸಿ" ಎಂದಿದ್ದರು. ಈಗ ಬಂದು ಬಗ್ಗಿ ನೋಡಿ ತಲೆಯಾಡಿಸಿದರು. "ನಿಮ್ ಕೈಲಿ ತಿಂತಿಲ್ಲ. ಇದಕ್ಕೆ ಒಗ್ಗಿದೋರು ಬೇರೆ ಯಾರೂ ಇಲ್ವಾ?"

ಇದ್ದಾಳೆ. ಆದರೆ ವಾರದ ನಡುವೆ ಆ ಮನೆಗೆ ಫೋನು ಮಾಡುವ ರೂಢಿ ಅವನಿಗಿರಲಿಲ್ಲ. 'ಒಂದು ಗಿನಿಪಿಗ್ಗನ್ನೂ ನೆಟ್ಟಗೆ ನೋಡ್ಕೊಳ್ಳೋಕಾಗ್ಲಿಲ್ವಾ' ಎಂದು ಹೆಂಡತಿ ಅಂದೇ ಅನ್ನುತ್ತಾಳೆ. ಅನ್ನಲಿ. ಪುಕ್ಕಲನ ಎದೆ ಟವೆಲಿನೊಳಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಂಬರು ಒತ್ತಿದ.

"ಪುಕ್ಕಲ ಸಾಯ್ತಾ ಇದೆ ಕಣೇ. ಪುಟ್ಟೀನ ಕರ್ಕೊಂಡು ಬಾ, ದಮ್ಮಯ್ಯ" ಎಂದ.

"ಹೊರಟ್ವಿ" ಎಂದಷ್ಟೇ ಹೇಳಿ ಹೆಂಡತಿ ಫೋನಿಟ್ಟಳು.

ಮಗಳು ಶಾಲೆಯ ಸಮವಸ್ತ್ರದಲ್ಲೇ ಓಡಿ ಬಂದಳು. ಅಮ್ಮ ಆಸ್ಪತ್ರೆಯ ಬಾಗಿಲಾಚೆಯೇ ನಿಂತಳು. ಮಗಳು ಟವೆಲಿನ ಗಂಟನ್ನು ಎದೆಗವಚಿಕೊಂಡು, "ಏಯ್ ಪುಕ್ಲಾ, ನಾನು ಕಣೋ" ಎಂದಳು. ಅದರ ಕಿವಿ ಅಲುಗಿತು. ಸಿರಿಂಜು ಹಿಡಿದಾಗ ಬಾಯಿ ತುಸು ತೆರೆದು, ಒಂದು ಗುಟುಕು ನುಂಗಿತು. ಇನ್ನೊಂದು ಗುಟುಕು. ಬದುಕಿದೆಯಾ ಬಡಜೀವವೇ ಎಂದು ಅಪ್ಪನ ಕಣ್ಣು ತುಂಬಿ ಬಂತು.

"ಇದು ಒಂದು ದಿನದಲ್ಲಿ ಇಳಿದಿದ್ದಲ್ಲ" ಎಂದರು ಡಾಕ್ಟರಮ್ಮ. "ವಾರವಾರ ತೂಕ ನೋಡ್ತಿರ್ಲಿಲ್ವಾ?"

"ನೋಡ್ತಿದ್ವಿ" ಎಂದಳು ಮಗಳು. "ಇಬ್ರನ್ನೂ ಒಟ್ಟಿಗೇ..." ಎಂದವಳು ಅರ್ಧಕ್ಕೇ ನಿಂತಳು. ಅವಳ ಮುಖ ಬಿಳಿಚಿಕೊಂಡದ್ದನ್ನು ಅಪ್ಪ ನೋಡಿದ.

"ನಾನೇ ಹಾಗೆ ಮಾಡಿದ್ದು" ಎಂದು ನಡುವೆ ಬಾಯಿ ಹಾಕಿದ. "ನಂದೇ ತಪ್ಪು ಡಾಕ್ಟ್ರೇ. ನಂಗೆ ಹೊಳೀಲಿಲ್ಲ."

"ಅಲ್ರೀ, ಹಗಲೆಲ್ಲಾ ತೂಗೋರು ನೀವು!" ಎಂದರು ಡಾಕ್ಟರಮ್ಮ. ಅವರು ತರಕಾರಿ ಕೊಳ್ಳುತ್ತಿದ್ದದ್ದು ಅವನ ಅಂಗಡಿಯಲ್ಲೇ.

ಅಷ್ಟರಲ್ಲಿ ಮಗಳ ಕೈಯಲ್ಲಿ ಪುಕ್ಕಲ ಒಮ್ಮೆ ಕಾಲು ಚಾಚಿತು. ಗಂಜಿ ಬಾಯಿಯ ಪಕ್ಕದಿಂದ ಹೊರಗೆ ಬಂತು. ಡಾಕ್ಟರಮ್ಮ ಕಸಿದುಕೊಂಡು ಒಳಗೆ ಹೋದರು. ಬಹಳ ಹೊತ್ತು ಬೇಕಾಗಲಿಲ್ಲ, ಬರಿಗೈಯಲ್ಲಿ ಹೊರಗೆ ಬಂದು ಮಗಳ ಭುಜ ಮುಟ್ಟಿ ಒಳಗೆ ಹೊರಟುಹೋದರು.

ಮಗಳು ಅಳಲಿಲ್ಲ. ಅಪ್ಪನತ್ತ ತಿರುಗಿದಳು.

"ಯಾಕೆ ಸುಳ್ಳು ಹೇಳ್ದೆ? ಒಟ್ಟಿಗೆ ಇಟ್ಟಿದ್ದು ನಾನು. ನಿಂಗೆ ಅವತ್ತೇ ಗೊತ್ತಿತ್ತು ಅಲ್ವಾ?"

"ಆಯ್ತು ಪುಟ್ಟಿ, ಈಗ ಅದೆಲ್ಲ..."

"ಆಯ್ತು ಪುಟ್ಟಿ, ಆಯ್ತು ಪುಟ್ಟಿ! ಅದೊಂದೇ ಬರೋದಾ ನಿಂಗೆ? ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಬೇಜಾರು ಮಾಡ್ಕೊಂಡು ಬರೋದು ನಿಲ್ಲಿಸಿಬಿಟ್ರೆ ಅಂತ" ಎಂದ.

"ಅಮ್ಮ ದಿನಾ ಬೈತಾಳೆ. ಅದಕ್ಕೆ ನಾನೇನು ಅವಳನ್ನ ಬಿಟ್ಟು ಹೋದ್ನಾ? ನೀನು ಒಂದ್ಸಲನಾದ್ರೂ ಬೈದಿದ್ದೀಯಾ? ನೆಂಟರ ಮಗು ನೋಡ್ಕೊಂಡ ಹಾಗೆ ನೋಡ್ಕೋತೀಯಾ! ನಾನೇ ಕೊಂದೆ ಅದನ್ನ. ನೀನು ನೋಡ್ತಾ ನಿಂತಿದ್ದೆ. ದಡಿಯನ್ನ ಯಾರಿಗಾದ್ರೂ ಕೊಟ್ಟುಬಿಡು. ನಾನಿನ್ನು ಬರಲ್ಲ."

'ಆಯ್ತು' ಎಂಬುದು ಅಭ್ಯಾಸಬಲದಿಂದ ಬಾಯಿಗೆ ಬಂದೇಬಿಟ್ಟಿತ್ತು. ಅವನು ಅದನ್ನು ನುಂಗಿದ.

"ಏನಂದೆ? ಬರಲ್ವಾ?" ದನಿ ಏರಿತು. ತನ್ನ ದನಿ ಇಷ್ಟು ಗಟ್ಟಿ ಎಂದು ಅವನಿಗೇ ಗೊತ್ತಿರಲಿಲ್ಲ. "ಬರ್ದೆ ಎಲ್ಲಿಗೆ ಹೋಗ್ತೀಯಾ? ಕೊಂದೆ ಗಿಂದೆ ಅಂದ್ರೆ ನೋಡು! ಮಕ್ಳು ತಪ್ಪು ಮಾಡ್ತಾವೆ, ಹೇಳ್ಬೇಕಾಗಿದ್ದು ನಾನು! ಬರ್ಬೇಕು. ಗೂಡು ಖಾಲಿ ಇದ್ರೂ ಬರ್ಬೇಕು!"

"ಬರಲ್ಲ ಅಂದ್ರೆ ಬರಲ್ಲ!"

"ಅದ್ಹೇಗೆ ಬರಲ್ವೋ ನಾನೂ ನೋಡ್ತೀನಿ!"

ಗದ್ದಲ ಕೇಳಿ ಅಮ್ಮ ಗಾಬರಿಯಿಂದ ಒಳಗೆ ಬಂದಳು. ಬೆಂಚಿನ ಮುಂದೆ ಅಪ್ಪ ಮಗಳು ಗಂಟಲು ಹರಿಯುವ ಹಾಗೆ ಜಗಳವಾಡುತ್ತಿದ್ದರು. ಇಬ್ಬರೂ ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ಮಗಳು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.